ಅಳತೆಯೂ ಒಂದು ಅಮಾನತ್
(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನ ಮಾತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಭಾಷೆಯ ಟೀಚರಿಗೆ ಮೀನಿನ ತೊಟ್ಟಿಯ ಇಂಗಾಲದ ಡೈಆಕ್ಸೈಡ್ ಜೊತೆ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಶಾಲೆಯ ವರಾಂಡದಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಅದರ ಉಸ್ತುವಾರಿಯನ್ನು ಪರಿಸರ ಸಂಘದ ಮಕ್ಕಳೊಂದಿಗೆ ನಾನೇ ಕೇಳಿ ವಹಿಸಿಕೊಂಡೆ. ಅದರಲ್ಲಿ ನನ್ನ ಕೈಯಿಂದ ಒಂದು ತಪ್ಪು ನಡೆಯಿತು, ಒಂಬತ್ತು ಮೀನುಗಳು ಸತ್ತವು. ಆ ತಪ್ಪು ಹೇಗಾಯಿತು ಎಂಬುದನ್ನು ನಿಮ್ಮ ಮುಂದೆ ಬಿಚ್ಚಿಟ್ಟರೆ ಯಾರಿಗಾದರೂ ಉಪಯೋಗವಾದೀತು ಎಂಬ ಆಸೆಯಿಂದ ಇಲ್ಲಿ ನಿಂತಿದ್ದೇನೆ.

ನೀರಿನೊಳಗಿನ ಗಿಡಕ್ಕೆ ಗಾಳಿಯ ಬರ

ತೊಟ್ಟಿಯಲ್ಲಿ ಮೀನಿನ ಜೊತೆ ಗಿಡ ಬೆಳೆಸುವ ಕ್ರಮ ಹೊಸದಲ್ಲ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿಗೆ ಒಂದು ಗಾಜಿನ ಪಾತ್ರೆಯಲ್ಲಿ ಚಿನ್ನದ ಮೀನು, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಸಾಕಿ, ಒಂದರ ಉಸಿರು ಇನ್ನೊಂದಕ್ಕೆ ಆಸರೆಯಾಗುವ ಬಗೆಯನ್ನು ವಿವರಿಸಿದ. ಅದಕ್ಕೂ ಮೊದಲು, 1779ರಲ್ಲಿ, ಯಾನ್ ಇಂಗನ್‌ಹೌಸ್ ಎಂಬ ಡಚ್ ವೈದ್ಯ ನೀರಿನಲ್ಲಿ ಮುಳುಗಿಸಿದ ಎಲೆಗಳು ಬೆಳಕಿದ್ದಾಗ ಮಾತ್ರ ಆಮ್ಲಜನಕದ ಗುಳ್ಳೆಗಳನ್ನು ಬಿಡುತ್ತವೆ, ಕತ್ತಲಲ್ಲಿ ಗಿಡವೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತದೆ ಎಂದು ತೋರಿಸಿದ್ದ. ಈ ಎರಡನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗಿಡಕ್ಕೆ ಇಂಗಾಲದ ಡೈಆಕ್ಸೈಡೇ ಆಹಾರದ ಮೂಲ. ಬಯಲಿನ ಗಿಡಕ್ಕೆ ಅದು ಗಾಳಿಯಲ್ಲಿ ಸುಲಭವಾಗಿ ಸಿಗುತ್ತದೆ. ನೀರಿನೊಳಗಿನ ಗಿಡದ ಕಥೆ ಬೇರೆ. ನೀರಿನಲ್ಲಿ ಈ ಅನಿಲ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ತೆರೆದ ಗಾಳಿಗೆ ಒಡ್ಡಿಟ್ಟ ನೀರಿನಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಲೀಟರಿಗೆ ಅರ್ಧ ಮಿಲಿಗ್ರಾಂಗಿಂತ ತುಸು ಹೆಚ್ಚು ಮಾತ್ರ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂತಹ ಗಿಡಗಳು ನೀರಿನ ಬೈಕಾರ್ಬೊನೇಟನ್ನೂ ಬಳಸಿಕೊಂಡು ಹೇಗೋ ಬದುಕುತ್ತವೆ. ಎಲ್ಲ ಗಿಡಗಳಿಗೂ ಆ ಶಕ್ತಿಯಿಲ್ಲ. ಆದ್ದರಿಂದ ಹವ್ಯಾಸಿಗಳು ತೊಟ್ಟಿಗೆ ಅನಿಲವನ್ನು ಹೊರಗಿನಿಂದ ಕೊಟ್ಟು, ಲೀಟರಿಗೆ 20ರಿಂದ 30 ಮಿಲಿಗ್ರಾಂನಷ್ಟು ಇರುವಂತೆ ನೋಡಿಕೊಳ್ಳುತ್ತಾರೆ.

ಸಕ್ಕರೆ ನೀರಿಗೆ ಯೀಸ್ಟ್ ಹಾಕಿ ಅನಿಲ ಪಡೆಯುವುದು ಅಗ್ಗದ ದಾರಿ. ಆದರೆ ಅಲ್ಲಿ ಅನಿಲದ ಜೊತೆಗೆ ಬಾಟಲಿಯಲ್ಲಿ ಮದ್ಯಸಾರವೂ ತಯಾರಾಗುತ್ತದೆ. ಶಾಲೆಯಲ್ಲಿ ಅದು ಬೇಡವೆಂದು ನಾವು ತೀರ್ಮಾನಿಸಿದೆವು. ಸೆಕೆ ಹೆಚ್ಚಾದರೆ ಅದರ ಅನಿಲವೂ ಹೆಚ್ಚುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಅದರ ಬದಲು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲವನ್ನು ಎರಡು ಬಾಟಲಿಗಳಲ್ಲಿಟ್ಟು, ಅನಿಲವನ್ನು ಹನಿಹನಿಯಾಗಿ ಬಿಡುವ ಕವಾಟ ಜೋಡಿಸಿದೆವು. ಒಂದು ಎಚ್ಚರಿಕೆ: ಈ ಬಾಟಲಿಗಳಲ್ಲಿ ಒತ್ತಡ ಏರುತ್ತದೆ, ಒಡೆದರೆ ಅಪಾಯ. ಮಕ್ಕಳು ಹಿರಿಯರಿಲ್ಲದೆ ಇದಕ್ಕೆ ಕೈಹಾಕಬಾರದು.

ಎರಡು ಅಂಕಿಗಳಿಂದ ಮೂರನೆಯದು

ಕರಗಿರುವ ಅನಿಲ ಕಣ್ಣಿಗೆ ಕಾಣದು. ಹಾಗಾದರೆ ಅಳೆಯುವುದು ಹೇಗೆ? ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಸ್ವಲ್ಪ ಆಮ್ಲವಾಗುತ್ತದೆ. ನೀರಿನ ಆಮ್ಲತೆಯನ್ನು ಪಿಎಚ್ ಎಂಬ ಅಂಕಿಯಿಂದ ಹೇಳುತ್ತೇವೆ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ವಿಜ್ಞಾನಿ ಈ ಮಾಪನವನ್ನು ರೂಪಿಸಿದ. ಅಂಕಿ 7 ಆದರೆ ತಟಸ್ಥ, ಕೆಳಗಿಳಿದಷ್ಟೂ ಆಮ್ಲ ಹೆಚ್ಚು. ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟಾಗುತ್ತದೆ.

ಆದರೆ ಎಲ್ಲ ನೀರೂ ಆಮ್ಲಕ್ಕೆ ಒಂದೇ ರೀತಿ ಬಗ್ಗುವುದಿಲ್ಲ. ನೀರಿನಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ತಡೆದು ನಿಲ್ಲಿಸುತ್ತದೆ. ಈ ತಡೆಯುವ ಶಕ್ತಿಯನ್ನು ಅಕ್ವೇರಿಯಂ ಹವ್ಯಾಸಿಗಳು ಕೆಎಚ್ ಎಂದು ಕರೆದು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಪರೀಕ್ಷೆ ಸುಲಭ. 5 ಮಿಲಿಲೀಟರ್ ನೀರಿಗೆ ದ್ರಾವಣವನ್ನು ಒಂದೊಂದೇ ಹನಿ ಹಾಕುತ್ತಾ, ಬಣ್ಣ ನೀಲಿಯಿಂದ ಹಳದಿಗೆ ತಿರುಗುವವರೆಗೆ ಹನಿಗಳನ್ನು ಎಣಿಸಬೇಕು. ಸಾಮಾನ್ಯ ಕಿಟ್‌ಗಳಲ್ಲಿ ಎಷ್ಟು ಹನಿಯೋ ಅಷ್ಟು ಡಿಗ್ರಿ.

ಈ ಎರಡೂ ತಿಳಿದರೆ ಮೂರನೆಯದನ್ನು ಲೆಕ್ಕ ಹಾಕಬಹುದು. ಪಿಎಚ್ 7 ಇದ್ದಾಗ, ಕೆಎಚ್‌ನ ಸುಮಾರು ಮೂರು ಪಟ್ಟು ಅಂಕಿಯೇ ಲೀಟರಿಗೆ ಇರುವ ಇಂಗಾಲದ ಡೈಆಕ್ಸೈಡಿನ ಮಿಲಿಗ್ರಾಂ. ಕೆಎಚ್ 4 ಆದರೆ ಪಿಎಚ್ 7ರಲ್ಲಿ 12 ಮಿಲಿಗ್ರಾಂ, 6.8ರಲ್ಲಿ 19, 6.6ರಲ್ಲಿ 30, 6.4ರಲ್ಲಿ 48. ಇದನ್ನೇ ಒಂದು ಕೋಷ್ಟಕವಾಗಿ ಬರೆದು ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದ್ದೆವು.

ನಮ್ಮ ಉರ್ದು ತರಗತಿಯ ಮಕ್ಕಳಿಗೆ ನುಖ್ತೆಯ ಮಹಿಮೆ ಗೊತ್ತು. ಒಂದು ಚುಕ್ಕಿ ಮೇಲಿದ್ದರೆ 'ಖುದಾ', ಅದೇ ಚುಕ್ಕಿ ಕೆಳಗಿಳಿದರೆ 'ಜುದಾ'. ಇಲ್ಲಿಯೂ ಹಾಗೆಯೇ. ದಶಮಾಂಶ ಚುಕ್ಕಿಯ ನಂತರದ ಅಂಕಿಯನ್ನು ಹಗುರವಾಗಿ ಕಾಣಬೇಡಿ. ಪಿಎಚ್ 0.3ರಷ್ಟು ತಪ್ಪಾಗಿ ಓದಿದರೆ ಇಂಗಾಲದ ಡೈಆಕ್ಸೈಡಿನ ಲೆಕ್ಕ ಎರಡು ಪಟ್ಟು ತಪ್ಪುತ್ತದೆ.

ತಪ್ಪು ನಡೆದ ಬಗೆ

ತೊಟ್ಟಿ ಸಿದ್ಧವಾದದ್ದು ಜೂನ್ ತಿಂಗಳಲ್ಲಿ. ನಲ್ಲಿ ನೀರು ತುಂಬಿಸಿ ಅಳೆದಾಗ ಕೆಎಚ್ 4 ಬಂತು. ಅನಿಲ ಬಿಟ್ಟು ಪಿಎಚ್ 6.8ರಲ್ಲಿ ನಿಲ್ಲಿಸಿದೆವು, ಅಂದರೆ 19 ಮಿಲಿಗ್ರಾಂ. ಗಿಡಗಳು ಚೆನ್ನಾಗಿ ಬೆಳೆದವು. ದಿನವೂ ಪಿಎಚ್ ಬರೆಯಲು ಒಂದು ನೋಟ್‌ಬುಕ್ ಇಟ್ಟೆವು. ಕೆಎಚ್ ಎಂಬಲ್ಲಿ ಮೊದಲ ಪುಟದಲ್ಲಿ 4 ಎಂದು ಬರೆದದ್ದು ಹಾಗೆಯೇ ಉಳಿಯಿತು.

ಮಾರ್ಚ್ ಬಂತು. ನಮ್ಮ ಕಡೆ ಬೇಸಿಗೆ ಎಂದರೆ ನಿಮಗೆ ಗೊತ್ತೇ ಇದೆ. ನಲ್ಲಿಯಲ್ಲಿ ನೀರು ಬರುವುದು ಅಪರೂಪವಾಗಿ, ಶಾಲೆಗೆ ಟ್ಯಾಂಕರ್ ನೀರು ತರಿಸಲು ಶುರುಮಾಡಿದರು. ಅದು ಬೋರ್‌ವೆಲ್ ನೀರು. ವಾರಕ್ಕೊಮ್ಮೆ ತೊಟ್ಟಿಯ ಅರ್ಧ ನೀರು ಬದಲಿಸುವ ಪದ್ಧತಿಯಿತ್ತು, ಅದಕ್ಕೂ ಇದೇ ನೀರನ್ನು ಬಳಸಿದೆವು. ಮೂರು ವಾರ ಕಳೆಯುವಷ್ಟರಲ್ಲಿ ಪಿಎಚ್ 7.2ಕ್ಕೆ ಏರಿತು. ನಾನು ಗೋಡೆಯ ಕೋಷ್ಟಕ ನೋಡಿದೆ. ಕೆಎಚ್ 4ರ ಸಾಲಿನಲ್ಲಿ 7.2ಕ್ಕೆ ಎಂಟು ಮಿಲಿಗ್ರಾಂ ಕೂಡ ಇಲ್ಲ. ಗಿಡಗಳಿಗೆ ಅನಿಲ ಸಾಲುತ್ತಿಲ್ಲ ಎಂದು ತಿಳಿದು ಕವಾಟವನ್ನು ಇನ್ನಷ್ಟು ತೆರೆದೆ. ಸಂಜೆಯ ಹೊತ್ತಿಗೆ ಪಿಎಚ್ 6.8ಕ್ಕೆ ಇಳಿಯಿತು. ಎಲ್ಲ ಸರಿಹೋಯಿತು ಎಂದುಕೊಂಡು ಮನೆಗೆ ಹೋದೆ.

ಮರುದಿನ ಬೆಳಗ್ಗೆ ಎಂಟನೇ ತರಗತಿಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಟೀಚರ್, ಮೀನೆಲ್ಲ ಮೇಲೆ ಬಂದು ಬಾಯಿ ತೆಗೀತಾ ಇದಾವೆ, ಒಂದ್ಸಲ ಬಂದು ನೋಡಿ" ಅಂದಳು. ನಾನು ಹೋಗಿ ಪಿಎಚ್ ಅಳೆದೆ. 6.8. ಕೋಷ್ಟಕಕ್ಕೆ ಬೆರಳಿಟ್ಟು, "ನೋಡಮ್ಮ, 19 ಇದೆ, ಸರಿಯಾಗಿದೆ. ಹಸಿವಾಗಿರಬೇಕು, ಸ್ವಲ್ಪ ಆಹಾರ ಹಾಕು" ಎಂದೆ. ಅವಳು ಮತ್ತೊಮ್ಮೆ ತೊಟ್ಟಿಯ ಕಡೆ ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದು ಸುಮ್ಮನಾದಳು. ಟೀಚರ್ ಹೇಳಿದ ಮೇಲೆ ಇನ್ನೇನು ಮಾತು?

ಅದರ ಮರುದಿನ ಬೆಳಗ್ಗೆ ಹದಿನಾಲ್ಕು ಮೀನುಗಳಲ್ಲಿ ಒಂಬತ್ತು ಸತ್ತು ತೇಲುತ್ತಿದ್ದವು.

ನಮ್ಮ ವಿಜ್ಞಾನ ಶಿಕ್ಷಕರು ಬಂದು ನೋಟ್‌ಬುಕ್ ತಿರುವಿ ಒಂದೇ ಪ್ರಶ್ನೆ ಕೇಳಿದರು: "ಈ ಕೆಎಚ್ ಯಾವತ್ತು ಅಳೆದದ್ದು?" ನನ್ನ ಬಳಿ ಉತ್ತರವಿರಲಿಲ್ಲ. ಕೂಡಲೇ ಅಳೆದೆವು. ಟ್ಯಾಂಕರ್ ನೀರಿಗೆ ಹದಿಮೂರು ಹನಿ, ತೊಟ್ಟಿಯ ನೀರಿಗೆ ಹನ್ನೆರಡು ಹನಿ. ಈಗ ಲೆಕ್ಕ ಹಾಕಿ ನೋಡಿ. ಕೆಎಚ್ 12 ಇದ್ದು ಪಿಎಚ್ 6.8 ಆದರೆ ಇಂಗಾಲದ ಡೈಆಕ್ಸೈಡ್ 19 ಅಲ್ಲ, 57 ಮಿಲಿಗ್ರಾಂ. ಇನ್ನೂ ನೋವಿನ ಸಂಗತಿಯೆಂದರೆ, ನಾನು ಕವಾಟ ತೆರೆಯುವ ಮೊದಲು, ಪಿಎಚ್ 7.2 ಇದ್ದಾಗಲೇ, ತೊಟ್ಟಿಯಲ್ಲಿ ಸುಮಾರು 23 ಮಿಲಿಗ್ರಾಂ ಇತ್ತು. ಗಿಡಕ್ಕೆ ಸಾಕಾಗುವಷ್ಟು ಇತ್ತು, ಮೀನಿಗೂ ತೊಂದರೆಯಿರಲಿಲ್ಲ. ನಾನು ಇಲ್ಲದ ರೋಗಕ್ಕೆ ಮದ್ದು ಕೊಟ್ಟಿದ್ದೆ.

ಮೀನು ತನ್ನ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ನೀರಿನಲ್ಲೇ ಅದು ತುಂಬಿದ್ದರೆ ಹೊರಹಾಕಲು ಕಷ್ಟವಾಗುತ್ತದೆ. ರಕ್ತ ಆಮ್ಲವಾಗಿ, ಆಮ್ಲಜನಕವನ್ನು ಹೊರುವ ಅದರ ಶಕ್ತಿ ಕುಗ್ಗುತ್ತದೆ. ರಾತ್ರಿ ಬೆಳಕಿಲ್ಲದ ಕಾರಣ ಗಿಡಗಳೂ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಇಂಗನ್‌ಹೌಸ್ ಹೇಳಿದ್ದು ಇದನ್ನೇ. ಹಾಗಾಗಿ ಬೆಳಗಿನ ಜಾವ ತೊಟ್ಟಿಯ ಮೀನಿಗೆ ಅತಿ ಕಷ್ಟದ ಹೊತ್ತು. ಆ ಹುಡುಗಿ ಬಂದು ಹೇಳಿದ್ದು ಆ ಕಷ್ಟವನ್ನು ಕಣ್ಣಾರೆ ಕಂಡು. ನಾನು ಅವಳ ಕಣ್ಣನ್ನು ನಂಬಲಿಲ್ಲ, ಒಂಬತ್ತು ತಿಂಗಳ ಹಿಂದಿನ ಅಂಕಿಯನ್ನು ನಂಬಿದೆ.

ಇನ್ನೊಂದು ಸಾಕ್ಷಿ ಬೇಕು

ಅಂದಿನಿಂದ ನಾವು ಅಳೆಯುವ ಕ್ರಮವನ್ನೇ ಬದಲಿಸಿದೆವು. ಮನೆಯಲ್ಲಿ ತೊಟ್ಟಿ ಇರುವವರು ಇದನ್ನು ಬರೆದಿಟ್ಟುಕೊಳ್ಳಬಹುದು.

ಮೊದಲನೆಯದು, ನೀರು ಬದಲಿಸಿದಾಗಲೆಲ್ಲ ಕೆಎಚ್ ಅಳೆಯಬೇಕು, ಪಕ್ಕದಲ್ಲಿ ತಾರೀಖು ಬರೆಯಬೇಕು. 5 ಮಿಲಿಲೀಟರ್ ಬದಲು 10 ಮಿಲಿಲೀಟರ್ ನೀರು ತೆಗೆದುಕೊಂಡರೆ ಒಂದು ಹನಿಗೆ ಅರ್ಧ ಡಿಗ್ರಿಯಾಗುತ್ತದೆ, ಅಳತೆ ಇನ್ನಷ್ಟು ನಿಖರವಾಗುತ್ತದೆ.

ಎರಡನೆಯದು, ಪಿಎಚ್ಚನ್ನು ಬೆಳಗ್ಗೆ ದೀಪ ಹಾಕುವ ಮೊದಲು ಮತ್ತು ಸಂಜೆ, ಹೀಗೆ ಎರಡು ಸಲ ನೋಡಬೇಕು. ಒಂದೇ ದಿನದಲ್ಲಿ ಅದು ಏರಿಳಿಯುತ್ತದೆ.

ಮೂರನೆಯದು, ಕೋಷ್ಟಕಕ್ಕೂ ಒಂದು ಮಿತಿಯಿದೆ. ನೀರಿನ ಆಮ್ಲವೆಲ್ಲ ಇಂಗಾಲದ ಡೈಆಕ್ಸೈಡಿನಿಂದಲೇ ಬಂದಿದೆ ಎಂದು ಅದು ನಂಬುತ್ತದೆ. ತೊಟ್ಟಿಯಲ್ಲಿ ಮರದ ಬೇರು ಅಥವಾ ಒಣಗಿದ ಬಾದಾಮಿ ಎಲೆ ಹಾಕಿದ್ದರೆ ಅವುಗಳಿಂದಲೂ ಆಮ್ಲ ಬಿಡುಗಡೆಯಾಗುತ್ತದೆ. ಆಗ ಕೋಷ್ಟಕ ಇಲ್ಲದ ಅನಿಲವನ್ನು ಇದೆಯೆಂದು ತೋರಿಸುತ್ತದೆ. ಆದ್ದರಿಂದ ಬೇರೆಯೇ ಒಂದು ಸಾಕ್ಷಿ ಬೇಕು.

ಆ ಸಾಕ್ಷಿಯೇ ಡ್ರಾಪ್ ಚೆಕರ್ ಎಂಬ ಚಿಕ್ಕ ಗಾಜಿನ ಬುರುಡೆ. ಇದನ್ನು ತೊಟ್ಟಿಯ ಒಳಗೆ ಅಂಟಿಸುತ್ತಾರೆ. ಬುರುಡೆಯಲ್ಲಿ ಕೆಎಚ್ ಸರಿಯಾಗಿ 4 ಇರುವ ದ್ರಾವಣವನ್ನು ಹಾಕಿ, ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕದ ಕೆಲವು ಹನಿ ಬೆರೆಸುತ್ತಾರೆ. ದ್ರಾವಣಕ್ಕೂ ತೊಟ್ಟಿಯ ನೀರಿಗೂ ನಡುವೆ ಸ್ವಲ್ಪ ಗಾಳಿ ಇರುತ್ತದೆ. ಆ ಗಾಳಿಯನ್ನು ದಾಟಿ ಅನಿಲ ಮಾತ್ರ ಒಳಗೆ ಬರುತ್ತದೆ. ಬಾದಾಮಿ ಎಲೆಯ ಆಮ್ಲ ಬರಲಾರದು, ಬೋರ್‌ವೆಲ್ಲಿನ ಬೈಕಾರ್ಬೊನೇಟ್ ಬರಲಾರದು. ಹೊರಗೆ ಯಾವ ನೀರೇ ಇರಲಿ, ಒಳಗಿನ ಕೆಎಚ್ 4 ಆಗಿಯೇ ಉಳಿಯುತ್ತದೆ. ದ್ರಾವಣ ನೀಲಿಯಾಗಿದ್ದರೆ ಅನಿಲ ಕಡಿಮೆ, ಹಸಿರಾದರೆ ಸುಮಾರು 30 ಮಿಲಿಗ್ರಾಂ, ಹಳದಿಯಾದರೆ ಅಪಾಯ. ನಾವು ಇದನ್ನು ಮೊದಲೇ ಇಟ್ಟಿದ್ದರೆ ಅಂದು ಹಳದಿ ಬಣ್ಣವೇ ಕೂಗಿ ಹೇಳುತ್ತಿತ್ತು.

ಈ ದ್ರಾವಣವನ್ನು ಶಾಲೆಯಲ್ಲೇ ತಯಾರಿಸಬಹುದು. 1.2 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಕೆಎಚ್ 40 ಆಗುತ್ತದೆ. ಅದರಲ್ಲಿ 100 ಮಿಲಿಲೀಟರ್ ತೆಗೆದು, ಮತ್ತೆ ಡಿಸ್ಟಿಲ್ಡ್ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ ಕೆಎಚ್ 4. ಬೇಕಿಂಗ್ ಪೌಡರ್ ಬಳಸಬಾರದು, ಅದರಲ್ಲಿ ಬೇರೆ ಪದಾರ್ಥಗಳೂ ಸೇರಿರುತ್ತವೆ. ತೂಕಕ್ಕೆ ಪ್ರಯೋಗಶಾಲೆಯ ತಕ್ಕಡಿಯೇ ಬೇಕು, ಚಮಚದ ಅಂದಾಜು ಸಲ್ಲದು.

ಡ್ರಾಪ್ ಚೆಕರಿಗೂ ಒಂದು ಕೊರತೆಯಿದೆ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ. ಅದು ಹೇಳುವುದು ಆಗಿನ ಸುದ್ದಿಯನ್ನು, ಈಗಿನದನ್ನಲ್ಲ. ಆದ್ದರಿಂದ ನಾಲ್ಕನೆಯ ಮತ್ತು ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಮೀನೇ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಲೆಕ್ಕ ಮಾಡುತ್ತಾ ಕೂರಬಾರದು. ಮೊದಲು ಅನಿಲ ನಿಲ್ಲಿಸಿ, ಗಾಳಿಯ ಪಂಪು ಹಾಕಿ ನೀರಿನ ಮೇಲ್ಮೈಯನ್ನು ಕಲಕಬೇಕು. ಲೆಕ್ಕ ಆಮೇಲೆ.

ತಕ್ಕಡಿಯ ಮಾತು

ಕುರ್‌ಆನಿನ 55ನೇ ಅಧ್ಯಾಯವಾದ ಅರ್‌ರಹ್ಮಾನ್‌ನಲ್ಲಿ ಮೀಝಾನ್, ಅಂದರೆ ತಕ್ಕಡಿಯ ಪ್ರಸ್ತಾಪ ಬರುತ್ತದೆ. 83ನೇ ಅಧ್ಯಾಯದ ಹೆಸರೇ ಅಳತೆಯಲ್ಲಿ ವಂಚಿಸುವವರನ್ನು ಕುರಿತದ್ದು. ಇದನ್ನೆಲ್ಲ ವ್ಯಾಪಾರಿಗಳಿಗೆ ಹೇಳಿದ್ದು ಎಂದು ನಾನು ಬಹುಕಾಲ ಭಾವಿಸಿದ್ದೆ. ಉದ್ದೇಶವಿಲ್ಲದೆ ಆದ ತಪ್ಪು ವಂಚನೆಯಲ್ಲ, ನಿಜ. ಆದರೆ ಅಳೆಯದೆ ಅಳೆದೆನೆಂದು ಹೇಳುವುದು ಏನು? ಆ ಹುಡುಗಿಗೆ ನಾನು "19 ಇದೆ" ಎಂದಾಗ, ಅರ್ಧ ಅಳತೆಯನ್ನು ಪೂರ್ಣ ಅಳತೆಯೆಂದು ಕೊಟ್ಟಿದ್ದೆ.

ನಮ್ಮ ಹಿರಿಯರಲ್ಲಿ ಅಲ್-ಖಾಝಿನಿ ಎಂಬ ವಿದ್ವಾಂಸರಿದ್ದರು. ಇಂದಿನ ತುರ್ಕ್‌ಮೆನಿಸ್ತಾನದಲ್ಲಿರುವ ಮರ್ವ್ ನಗರದಲ್ಲಿದ್ದು, 1121ರಲ್ಲಿ 'ಮೀಝಾನುಲ್ ಹಿಕ್ಮಾ' ಎಂಬ ಗ್ರಂಥ ಬರೆದರು. ಜ್ಞಾನದ ತಕ್ಕಡಿ ಎಂದು ಅದರ ಅರ್ಥ. ಲೋಹ, ರತ್ನಗಳನ್ನು ನೀರಿನಲ್ಲಿ ತೂಗಿ ಅಸಲಿ ನಕಲಿ ಕಂಡುಹಿಡಿಯುವ ವಿಧಾನ ಅದರಲ್ಲಿದೆ. ದ್ರವದ ಸಾಂದ್ರತೆ ತಿಳಿಯಲು ಬಳಸುವ ತೇಲುವ ಉಪಕರಣದ ವಿವರವೂ ಇದೆ. ತಕ್ಕಡಿ ಚೆನ್ನಾಗಿದ್ದರೆ ಸಾಲದು, ಯಾವ ನೀರಿನಲ್ಲಿ ತೂಗುತ್ತಿದ್ದೇವೆ ಎಂಬುದನ್ನೂ ತಿಳಿದಿರಬೇಕು. ನಾನು ಮರೆತದ್ದು ಇದನ್ನೇ.

ಇನ್ನು ನಮ್ಮ ಕಾಲದ ಒಬ್ಬರನ್ನು ನೆನೆಯಬೇಕು. ಅಮೆರಿಕದ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಆರಂಭಿಸಿದರು. ಆಗ ಅದು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗವಿತ್ತು. ಈಗ 420ನ್ನು ದಾಟಿದೆ. ಒಂದು ಸಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಸುಮ್ಮನಾಗಿದ್ದರೆ ಈ ಏರಿಕೆ ಹೀಗೆ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಮತ್ತೆ ಮತ್ತೆ ಅಳೆದುದರಿಂದಲೇ ಸತ್ಯ ಗೊತ್ತಾಯಿತು.

ಬೆಕ್ಕನ್ನು ಕಟ್ಟಿಹಾಕಿ ಆಹಾರ ಕೊಡದೆ ಸಾಯಿಸಿದ ಸ್ತ್ರೀಯ ವಿಷಯ ಹದೀಸ್‌ಗಳಲ್ಲಿ ಬಂದಿರುವುದು ನಿಮಗೆಲ್ಲ ತಿಳಿದಿದೆ. ಕೆರೆಯ ಮೀನು ಕೆಟ್ಟ ನೀರಿನಿಂದ ಬೇರೆ ಕಡೆಗೆ ಹೋಗಬಲ್ಲದು. ಗಾಜಿನ ತೊಟ್ಟಿಯ ಮೀನು ಎಲ್ಲಿಗೆ ಹೋಗಬೇಕು? ಒಂದು ಜೀವಕ್ಕೆ ನಾಲ್ಕು ಗೋಡೆ ಕಟ್ಟಿದ ಮೇಲೆ ಅದರ ಉಸಿರು ನಮ್ಮ ಅಮಾನತ್.

ವಿದ್ಯಾರ್ಥಿಗಳೇ, ನಿಮಗೆ ಒಂದು ಮಾತು. ಕಣ್ಣಿಗೆ ಕಂಡದ್ದನ್ನು ಹಿರಿಯರಿಗೆ ಅದಬಿನಿಂದ ಹೇಳಿ. ಅವರು ಒಪ್ಪದಿದ್ದರೆ ಇನ್ನೊಮ್ಮೆ ಹೇಳಿ. ಶಿಕ್ಷಕ ಬಂಧುಗಳೇ, ನಮಗೂ ಒಂದು ಮಾತು. ಮಗು ಬಾಗಿಲಲ್ಲಿ ನಿಂತು "ಬಂದು ನೋಡಿ" ಎಂದಾಗ ಗೋಡೆಯ ಕೋಷ್ಟಕವನ್ನು ಆಮೇಲೆ ನೋಡೋಣ, ಮೊದಲು ಮಗು ತೋರಿಸಿದ್ದನ್ನು ನೋಡೋಣ.

ಆ ವಿದ್ಯಾರ್ಥಿನಿಯ ಬಳಿ ನಾನು ಎಲ್ಲ ಮಕ್ಕಳ ಮುಂದೆ ಕ್ಷಮೆ ಕೇಳಿದೆ. ಉಳಿದ ಐದು ಮೀನುಗಳು ಚೆನ್ನಾಗಿವೆ. ಈಗ ತೊಟ್ಟಿಯ ನೋಟ್‌ಬುಕ್ ಅವಳ ಕೈಯಲ್ಲಿದೆ. ಪ್ರತಿ ಪುಟದಲ್ಲೂ ಕೆಎಚ್‌ಗೆ ಒಂದು ಸಾಲು ಎಳೆದು, ಕೊನೆಯಲ್ಲಿ ಅವಳೇ ಇನ್ನೊಂದು ಸಾಲು ಸೇರಿಸಿದ್ದಾಳೆ: "ಇವತ್ತು ಮೀನು ಹೇಗಿವೆ?"

ಅಲ್ಲಾಹನು ನಮಗೆ ಉಪಯುಕ್ತವಾದ ಜ್ಞಾನವನ್ನೂ, ತಪ್ಪನ್ನು ಒಪ್ಪಿಕೊಳ್ಳುವ ಮನಸ್ಸನ್ನೂ ದಯಪಾಲಿಸಲಿ, ಆಮೀನ್.